ಕಲ್ಲಿದ್ದಲನ್ನು ಹಸಿರು ದ್ರಾವಕದಲ್ಲಿ ತೊಳೆದರೆ ಬೂದಿ ಕಡಿಮೆ ಆಗುತ್ತಾ?

ವಿಜಯಪುರ ಜಿಲ್ಲೆಯ ಕೂಡಗಿ ವಿದ್ಯುತ್ ಸ್ಥಾವರದ ಕಲ್ಲಿದ್ದಲನ್ನು ಉರಿಸುವ ಮೊದಲೇ ‘ಹಸಿರು ದ್ರಾವಕ’ದಲ್ಲಿ, ಅಂದರೆ ಪರಿಸರಕ್ಕೆ ಹಾನಿ ಕಡಿಮೆ ಅನ್ನೋ ಕರಗಿಸುವ ದ್ರವದಲ್ಲಿ, ತೊಳೆದುಬಿಟ್ಟರೆ ಬೂದಿ, ಹೊಗೆ ಎರಡೂ ಕಡಿಮೆ ಆಗಲ್ವಾ ಅಂತ ಕೇಳಿದ್ದೀರಿ. ವಿಜಯಪುರದಲ್ಲಿ ಎಂಎಸ್ಸಿ ಓದುವಾಗ ನನ್ನ ಪ್ರಾಜೆಕ್ಟ್ ಇದೇ ಆಗಿತ್ತು. ಬೂದಿ ಇಳಿಸೋದೇ ಉದ್ದೇಶವಾದರೆ ಈ ದಾರಿ ಬೇಡ ಅಂತೀನಿ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 45 ಭಾಗ ಬೂದಿ. ಅದು ಮೇಲೆ ಅಂಟಿದ ಮಣ್ಣಲ್ಲ. ಜೋಳದಲ್ಲಿ ಕಲ್ಲಿದ್ದರೆ ಕೇರಿ ತೆಗೆಯಬಹುದು, ಕಲ್ಲಿನ ಸಮೇತ ಬೀಸಿದ ಹಿಟ್ಟಿನಿಂದ ತೆಗೆಯೋದು ಹೇಗೆ? ಒಳಗಿರೋದು ಹೆಚ್ಚಾಗಿ ಜೇಡಿ, ಮರಳು. ಸುಣ್ಣ, ಕಬ್ಬಿಣದ ಅಂಶ ಒಂದಿಷ್ಟು ಕರಗಬಹುದು, ಮರಳು ಜಗ್ಗಲ್ಲ. ಇನ್ನು ಇಂಗಾಲ ಉರಿದರೆ ಕಾರ್ಬನ್ ಡೈಆಕ್ಸೈಡ್ ಬಂದೇ ಬರುತ್ತದೆ.

ಹಾಗಾದರೆ ಈ ದ್ರಾವಕ ಯಾತಕ್ಕೆ? ಇದು ತೊಳೆಯೋದಲ್ಲ, ನೆನೆಸೋದು. ರಾತ್ರಿ ನೆನೆಹಾಕಿದ ಕಡಲೆ ಬೇಗ ಬೇಯುತ್ತದೆ ಅಲ್ವಾ, ಹಾಗೆ. ದ್ರಾವಕ ಹೊಕ್ಕು ಅಣುಗಳ ನಡುವಿನ ಹೈಡ್ರೋಜನ್ ಬಂಧ ಸಡಿಲಿಸಿದರೆ ಕಲ್ಲಿದ್ದಲು ಉಬ್ಬುತ್ತದೆ. ಆಮೇಲೆ ಅದನ್ನು ಅನಿಲ ಅಥವಾ ಎಣ್ಣೆ ಮಾಡುವಾಗ ಉಗಿ, ಹೈಡ್ರೋಜನ್ ಒಳಗೆ ಸುಲಭವಾಗಿ ಇಳಿಯುತ್ತವೆ. ಸುಮ್ನೆ ಒಲೆಗೆ ಹಾಕುವ ಕಲ್ಲಿದ್ದಲಿಗೆ ಇದೆಲ್ಲ ದುಬಾರಿ ಉಪಚಾರ.

ನಾವು ಬಳಸಿದ್ದು ಕೋಲಿನ್ ಕ್ಲೋರೈಡ್ ಮತ್ತು ಯೂರಿಯಾ. ಮೊದಲನೆಯದು ಕೋಳಿ ಆಹಾರಕ್ಕೆ ಬೆರೆಸುವಂಥದ್ದು, ಎರಡನೆಯದು ಸೊಸೈಟಿ ಮುಂದೆ ಸಾಲು ನಿಂತು ತರುವ ಗೊಬ್ಬರ. ಈ ಜೋಡಿ ಸೇರಿದರೆ ದ್ರಾವಕ ಆಗುತ್ತದೆ ಅಂತ 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಾಟ್ ತಂಡ ತೋರಿಸಿತು. 140 ಗ್ರಾಂ ಕೋಲಿನ್ ಕ್ಲೋರೈಡಿಗೆ 120 ಗ್ರಾಂ ಯೂರಿಯಾ ಬೆರೆಸಿ 80 ಡಿಗ್ರಿಗೆ ಕಾಯಿಸಿದರೆ ಎರಡು ಬಿಳಿ ಪುಡಿ ಸೇರಿ ತಿಳಿಯಾದ ಪಾಕ ಆಗುತ್ತದೆ. ಆರಿದರೂ ಗಟ್ಟಿ ಆಗಲ್ಲ. ಮೊದಲ ಸಲ ನೋಡಿದಾಗ ಭಾಳ ಖುಷಿ ಆಗಿತ್ತು!

ಕಲ್ಲಿದ್ದಲ ಪುಡಿ ಹಾಕಿ ತಿರುವಿದ ಮೇಲೆ ಆ ಖುಷಿ ಇಳಿಯಿತು. ಪಾತ್ರೆಯಲ್ಲಿ ಕಾಕಂಬಿಯಂಥ ಕರಿ ಗೊಜ್ಜು. ಸೋಸಲು ಕೂತರೆ ಹನಿ ಹನಿ. ತೆಳ್ಳಗಾಗಲಿ ಅಂತ ಬಿಸಿನೀರು ಹಾಕಿದೆವು. ದ್ರಾವಕ ಮತ್ತೆ ಬೇಕೆಂದರೆ ಆ ನೀರು ಆವಿ ಮಾಡಬೇಕು, ಗಾಣದಲ್ಲಿ ಕಬ್ಬಿನ ಹಾಲು ಕುದಿಸಿದ ಹಾಗೆ. ಉರಿ ಜಾಸ್ತಿ ಆದರೆ ಯೂರಿಯಾ ಒಡೆದು ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ‘ಹಸಿರು’ ಅನ್ನೋ ಹೆಸರಿನ ಮೇಲೆ ನನಗೆ ಅನುಮಾನ ಬಂದದ್ದೇ ಆ ವಾಸನೆಯಿಂದ. ಕೂಡಗಿ 2400 ಮೆಗಾವಾಟಿನ ಸ್ಥಾವರ. ಒಂದು ಯೂನಿಟ್ ಕರೆಂಟಿಗೆ ಅರ್ಧ ಕೆಜಿಗಿಂತ ಹೆಚ್ಚು ಕಲ್ಲಿದ್ದಲು ಬೇಕು. ಅಷ್ಟನ್ನು ನೆನೆಸಿ, ಸೋಸಿ, ಒಣಗಿಸೋದು ಯಾರು?

ನೀವೂ ಪ್ರಾಜೆಕ್ಟಿಗೇ ಕೇಳ್ತಿದ್ದರೆ, ಬೂದಿ ತೂಗುವ ಮೊದಲು ದ್ರಾವಕ ಎಷ್ಟು ವಾಪಸ್ ಸಿಕ್ಕಿತು ಅಂತ ತೂಗಿ. ಕೋಲಿನ್ ಕ್ಲೋರೈಡ್ ಬಾಟಲಿಯ ಮುಚ್ಚಳ ಬಿಗಿ ಮಾಡಿ. ಮಳೆಗಾಲದಲ್ಲಿ ನಮ್ಮದು ಒಂದು ರಾತ್ರಿ ತೆರೆದಿದ್ದಕ್ಕೇ ನೀರಾಗಿ ಕೂತಿತ್ತು.