ಜಿಪ್ಸಿಗೆ ಟರ್ಬೊ ಕೂರಿಸಿದ ಲೇಖನ: ಬರಹಗಾರರಿಗೆ ಸಂಪಾದಕರ ಪತ್ರ

ಮಾನ್ಯರೇ,

ಹಳೆಯ ಮಾರುತಿ ಜಿಪ್ಸಿಯ 1.3 ಲೀಟರ್ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಬಿಡುವ) ಎಂಜಿನ್ನಿಗೆ ಸೆಕೆಂಡ್ ಹ್ಯಾಂಡ್ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ) ಕೂರಿಸಿ, ಶಿರಾಡಿ ಘಾಟಿಯನ್ನು ಮೂರನೇ ಗೇರಿನಲ್ಲೇ ಹತ್ತಿಸಿದ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಇಡೀ ಕೆಲಸದ ಉದ್ದಕ್ಕೂ ಗ್ಯಾರೇಜಿನಲ್ಲಿ ನಿಂತು ಕಣ್ಣಾರೆ ನೋಡಿದವರು ಬರೆದದ್ದು ಎಂಬುದು ಸಾಲುಸಾಲಿನಲ್ಲೂ ಗೊತ್ತಾಗುವುದರಿಂದ, ಸುಮ್ಮನೆ ಹಿಂದಿರುಗಿಸಲು ಮನಸ್ಸು ಬರಲಿಲ್ಲ.

ಅರ್ಧ ಬಾರ್ ಬೂಸ್ಟ್ (ಟರ್ಬೊ ಸೇರಿಸುವ ಹೆಚ್ಚುವರಿ ಗಾಳಿಯೊತ್ತಡ) ಕೊಟ್ಟ ಕೂಡಲೇ 80 ಅಶ್ವಶಕ್ತಿಯ ಎಂಜಿನ್ 160ಕ್ಕೆ ಏರಿತು ಎಂದು ಬರೆದಿದ್ದೀರಿ. ಈ ಲೆಕ್ಕ ನಿಲ್ಲುವುದಿಲ್ಲ. ಹೊರಗಿನ ವಾಯುಭಾರ ಸುಮಾರು ಒಂದು ಬಾರ್ ಎಂದಿಟ್ಟುಕೊಂಡರೆ, ಅದರ ಮೇಲೆ ಅರ್ಧ ಬಾರ್ ಸೇರಿಸಿದಾಗ ಒತ್ತಡ ಒಂದೂವರೆ ಪಟ್ಟಾಗುತ್ತದೆಯೇ ಹೊರತು ಎರಡು ಪಟ್ಟಲ್ಲ. ಅದಕ್ಕಿಂತ ಮುಖ್ಯವಾಗಿ, ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ: 30 ಡಿಗ್ರಿಯಲ್ಲಿ ಒಳಬಂದ ಗಾಳಿ ಸಾಧಾರಣ ದಕ್ಷತೆಯ ಟರ್ಬೊದಿಂದ ಹೊರಬರುವ ಹೊತ್ತಿಗೆ 80 ಡಿಗ್ರಿಯನ್ನು ದಾಟಿರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ, ಅದನ್ನು ತಣಿಸುವ ಇಂಟರ್‌ಕೂಲರ್ ಇಲ್ಲದಿದ್ದರೆ ಸಿಲಿಂಡರಿಗೆ ಹೆಚ್ಚುವರಿಯಾಗಿ ಸಿಗುವ ಗಾಳಿ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಅಂದರೆ ನಿಮ್ಮ ಜಿಪ್ಸಿಗೆ ದಕ್ಕಿದ್ದು 100ರ ಆಸುಪಾಸಿನ ಅಶ್ವಶಕ್ತಿ ಇರಬೇಕು. ಅದೇನೂ ಸಣ್ಣ ಸಾಧನೆಯಲ್ಲ. ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಅಳೆದ ಅಂಕಿ ನಿಮ್ಮ ಬಳಿ ಇದ್ದರೆ ಅದನ್ನೇ ಕೊಡಿ, ಇಲ್ಲದಿದ್ದರೆ ಅಂದಾಜು ಎಂದು ಸ್ಪಷ್ಟವಾಗಿ ಬರೆಯಿರಿ. ಸೈಲೆನ್ಸರಿನಿಂದ ಹೊರಹೋಗುವ ಹೊಗೆಯಿಂದ ಪುಕ್ಕಟೆಯಾಗಿ ಸಿಗುವ ಶಕ್ತಿ ಎಂಬ ಮಾತನ್ನೂ ತಿದ್ದಬೇಕು. ಟರ್ಬೊದ ಹೊಗೆ ಬದಿಯ ಚಕ್ರವಾದ ಟರ್ಬೈನ್ ತಿರುಗಿಸಬೇಕಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳ ಹೊಗೆ ಸೇರುವ ಕೊಳವೆಯಲ್ಲಿ) ಒತ್ತಡ ಏರಲೇಬೇಕು, ಆ ಒತ್ತಡದ ವಿರುದ್ಧ ಹೊಗೆಯನ್ನು ನೂಕುವ ದುಡಿಮೆ ಪಿಸ್ಟನ್ನಿನದೇ.

ಇನ್ನು ನನ್ನ ಮುಖ್ಯ ತಕರಾರು. ಲೇಖನದ ನಡುವೆ ನೀವು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟ ಸಂಗತಿಯೊಂದಿದೆ: ಏರಿನಲ್ಲಿ ಎಂಜಿನ್ ಕಟಕಟ ಸದ್ದು ಮಾಡಿತು, ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಹೊಳೆಯುವ ಸಣ್ಣ ಚುಕ್ಕೆಗಳಿದ್ದವು, ಮೆಕ್ಯಾನಿಕ್ ಟೈಮಿಂಗ್ (ಕಿಡಿ ಹೊತ್ತುವ ಗಳಿಗೆ) ಸರಿಮಾಡಿದರು. ನಿಮ್ಮ ಲೇಖನ ಇರುವುದೇ ಇಲ್ಲಿ. ಆ ಚುಕ್ಕೆಗಳು ಬಹುಪಾಲು ಪಿಸ್ಟನ್ನಿನ ಅಲ್ಯೂಮಿನಿಯಂ. ಕಿಡಿ ಹೊತ್ತಿದ ಮೇಲೆ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿದ್ದ ಬಿಸಿ ಮಿಶ್ರಣ ತಾನೇ ಸ್ಫೋಟಿಸಿ, ಲೋಹವನ್ನು ಕಣಕಣವಾಗಿ ಕಿತ್ತು ಪ್ಲಗ್ಗಿಗೆ ಅಂಟಿಸಿದೆ. ಇನ್ನಷ್ಟು ದೂರ ಹಾಗೆಯೇ ಓಡಿಸಿದ್ದರೆ ಪಿಸ್ಟನ್ ಒಡೆಯಬಹುದಿತ್ತು, ಹೆಡ್ ಗ್ಯಾಸ್ಕೆಟ್ ಹೋಗಬಹುದಿತ್ತು. ನಿಮ್ಮ ಲೇಖನ ಓದಿ ಯಾರೋ ತಮ್ಮ ಗಾಡಿಗೂ ಟರ್ಬೊ ಹಾಕಿಸಲು ಹೊರಡುತ್ತಾರೆ. ಅವರಿಗೆ ಮೊದಲು ತಿಳಿಯಬೇಕಾದದ್ದು ಈ ಚುಕ್ಕೆಗಳ ಅರ್ಥ. ಟರ್ಬೊ ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂಬುದು ಆಮೇಲಿನ ಮಾತು.

ಆದ್ದರಿಂದ ಆ ದಿನವನ್ನು ಬಿಡಿಸಿ ಬರೆಯಿರಿ. ಇಂಧನ ಎಷ್ಟು ಹೋಗುತ್ತಿತ್ತು? ಟರ್ಬೊ ಇಲ್ಲದ ಎಂಜಿನ್ನಿಗೆಂದು ಮಾಡಿದ ಒತ್ತಡದ ಸೆನ್ಸರ್ ವಾಯುಭಾರದ ಆಸುಪಾಸಿನವರೆಗಷ್ಟೇ ಓದಬಲ್ಲದು. ಅದರಾಚೆಗೆ ಎಷ್ಟು ಗಾಳಿ ಬಂದರೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಸುದ್ದಿ ತಲುಪುವುದಿಲ್ಲ, ಇಂಜೆಕ್ಟರ್ ಹೆಚ್ಚು ಪೆಟ್ರೋಲ್ ಬಿಡುವುದಿಲ್ಲ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೂ, ಬೂಸ್ಟ್ ಇರುವಾಗ ತಂಪಿಗಾಗಿ ಪೆಟ್ರೋಲ್ ಹೆಚ್ಚಿಸಿ ಗಾಳಿಯ ಪಾಲನ್ನು 12ರ ಆಸುಪಾಸಿಗೆ ಇಳಿಸುವುದು ರೂಢಿ. ನಿಮ್ಮ ಗಾಡಿಯಲ್ಲಿ ಈ ಪ್ರಮಾಣವನ್ನು ಹೊಗೆಯಲ್ಲಿ ಅಳೆಯಲು ವೈಡ್‌ಬ್ಯಾಂಡ್ ಸೆನ್ಸರ್ ಇತ್ತೇ? ಇಸಿಯು ಬದಲಾಯಿಸಿದಿರೇ? ಟೈಮಿಂಗ್ ಎಷ್ಟು ಡಿಗ್ರಿ ಹಿಂದಕ್ಕೆ ಹೋಯಿತು? ಲೇಖನದಲ್ಲಿ ಇವುಗಳಿಗೆ ಉತ್ತರವಿಲ್ಲ.

ಆಫ್‌ರೋಡ್ ಭಾಗ ತೆಳುವಾಗಿದೆ. ಕೆಸರಿನಲ್ಲಿ, ಬಂಡೆಗಳ ಮೇಲೆ ಗಾಡಿ ತೆವಳುವುದು ಕಡಿಮೆ ಆರ್‌ಪಿಎಮ್‌ನಲ್ಲಿ. ಆಗ ಹೊಗೆಯ ಹರಿವು ಸಾಲದೆ ಟರ್ಬೊ ಬಹುಮಟ್ಟಿಗೆ ಸುಮ್ಮನಿರುತ್ತದೆ. ಕಂಪ್ರೆಶನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಸಲು ದಪ್ಪ ಗ್ಯಾಸ್ಕೆಟ್ ಹಾಕಿಸಿದ್ದರಂತೂ ಆ ಹಂತದಲ್ಲಿ ಎಳೆತ ಮೊದಲಿಗಿಂತ ಕಡಿಮೆಯೇ. ಹೊಗೆಯ ಬದಲು ಎಂಜಿನ್ನಿನ ಬೆಲ್ಟ್‌ನಿಂದ ತಿರುಗಿ ಗಾಳಿ ಒತ್ತುವ ಸೂಪರ್‌ಚಾರ್ಜರಿಗೆ ಈ ತೊಂದರೆ ಕಡಿಮೆ ಎಂಬುದನ್ನು ನೀವು ಚರ್ಚಿಸಲೇ ಇಲ್ಲ. ಹಳ್ಳ ದಾಟುವಾಗ ಕೆಂಪಗೆ ಕಾದ ಟರ್ಬೈನ್ ಕವಚಕ್ಕೆ ತಣ್ಣೀರು ತಾಗಿದರೆ ಅದು ಬಿರುಕು ಬಿಡುವ ಅಪಾಯವನ್ನೂ ಹೇಳಬೇಕು. ಜಪಾನಿನಲ್ಲಿ ಸುಜುಕಿ 658 ಸಿಸಿ ಎಂಜಿನ್ನಿನ ಜಿಮ್ನಿಗೆ ಟರ್ಬೊ ಕೊಟ್ಟೇ 64 ಅಶ್ವಶಕ್ತಿ ಪಡೆಯುತ್ತದೆ ಎಂಬ ನಿಮ್ಮ ಉದಾಹರಣೆ ಸರಿಯೇ; ಆದರೆ ಅಲ್ಲಿ ಪಿಸ್ಟನ್, ಕೂಲಿಂಗ್, ಇಸಿಯು ಎಲ್ಲವೂ ಟರ್ಬೊಗಾಗಿಯೇ ರೂಪುಗೊಂಡವು. ಆ ವ್ಯತ್ಯಾಸವನ್ನು ಮರೆಮಾಚಬೇಡಿ.

ಟರ್ಬೊ ಕಲ್ಪನೆಗೆ 1905ರಲ್ಲಿ ಆಲ್ಫ್ರೆಡ್ ಬ್ಯೂಕಿಯವರು ಪಡೆದ ಪೇಟೆಂಟಿನಿಂದ ಆರಂಭವಾಗುವ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ಎಂಜಿನ್ ಸಿಂಹದಂತೆ ಗರ್ಜಿಸಿದ್ದೂ ಬೇಡ. ಬದಲಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ತಡೆಯುತ್ತದೆಂದೂ, ಅಪಘಾತವಾದರೆ ವಿಮೆಯ ಹಣಕ್ಕೆ ತೊಡಕಾಗಬಹುದೆಂದೂ ಸ್ಪಷ್ಟವಾಗಿ ತಿಳಿಸಿ. ಇದಿಲ್ಲದೆ ನಾವು ಲೇಖನವನ್ನು ಅಚ್ಚು ಹಾಕುವಂತಿಲ್ಲ.

ತಿದ್ದಿದ ಪ್ರತಿಯನ್ನು ಪ್ಲಗ್‌ಗಳ ಹತ್ತಿರದ ಫೋಟೊಗಳೊಂದಿಗೆ ಕಳುಹಿಸಿ. ಆ ಮೆಕ್ಯಾನಿಕ್‌ರನ್ನು ಮತ್ತೊಮ್ಮೆ ಕಂಡು, ಟೈಮಿಂಗ್ ತಿದ್ದುವಾಗ ಅವರು ಏನನ್ನು ನೋಡಿ ನಿರ್ಧರಿಸಿದರು ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ.

ಇತಿ,
ಸಂಪಾದಕ