ಅತ್ತೆಯನ್ನು ಯಾರ ಕೈಯಲ್ಲಿ ಬಿಟ್ಟು ಕೂಲಿಗೆ ಹೋಗಲಿ?

ಪತ್ರ: ನಮ್ಮತ್ತೆಗೆ ಎಪ್ಪತ್ನಾಲ್ಕು ವರ್ಷ, ಲಕ್ವಾ ಹೊಡೆದು ಮೂರು ವರ್ಷ ಆತು. ಮನಿಯವರು ಬೆಂಗಳೂರಿಗೆ ಗುಳೆ ಹೋಗ್ಯಾರ. ಪಿಂಚಣಿ ಬರತೈತಿ, ಐದು ಲಕ್ಷದ ಕಾರ್ಡೂ ಮಾಡಿಸೀವಿ. ಆದ್ರ ಅತ್ತಿನ್ನ ಯಾರ ಕೈಯಾಗ ಬಿಟ್ಟು ಕೂಲಿಗೆ ಹೋಗ್ಲಿ?
– ಓದುಗರೊಬ್ಬರು, ಕುಷ್ಟಗಿ ತಾಲ್ಲೂಕು

ಸಂಪಾದಕರ ಉತ್ತರ:

ತಂಗಿ, ನಮ್ಮವ್ವನೂ ಕೊನೆಯ ಹದಿನಾಲ್ಕು ತಿಂಗಳು ಹಾಸಿಗೆಯಲ್ಲೇ ಇದ್ದರು. ಒಂದು ದಿನ ಮೈ ಒರೆಸುವಾಗ ಟೊಂಕದ ಕೆಳಗೆ ಎಂಟಾಣೆ ಅಗಲದ ಕೆಂಪು ಕಲೆ ಕಂಡಿತು. ಸೆಕೆಗೆ ಆಗಿರಬೇಕೆಂದು ಪೌಡರ್ ಹಚ್ಚಿ ಸುಮ್ಮನಾದೆವು. ವಾರದೊಳಗೆ ಚರ್ಮ ಒಡೆದು ಹುಣ್ಣಾಯಿತು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕೆಂದು ಅಲ್ಲಿಯತನಕ ನಮಗೆ ಯಾರೂ ಹೇಳಿರಲಿಲ್ಲ.

ಹೇಳಿಕೊಡುವ ಹೊಣೆ ಸರ್ಕಾರದ್ದೇ. 2010–11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಉಪಕೇಂದ್ರದ ಸಿಬ್ಬಂದಿ ಹಾಸಿಗೆ ಹಿಡಿದವರ ಮನೆಗೆ ಬರಬೇಕು, ಆರೈಕೆ ಮಾಡುವುದನ್ನು ಮನೆಯವರಿಗೆ ಕಲಿಸಬೇಕು. ಇದನ್ನೇ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅರ್ಜಿ ಕೊಡಿ, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ನಿಮ್ಮ ಪ್ರಶ್ನೆ ಇದಕ್ಕಿಂತ ದೊಡ್ಡದು. ಮಕ್ಕಳು ನೋಡಿಕೊಳ್ಳದಿದ್ದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು 2007ರ ಕಾನೂನಿದೆ. ನೋಡಿಕೊಳ್ಳುತ್ತಿರುವ ಸೊಸೆಗೆ ಅದರಲ್ಲಿ ಏನೂ ಇಲ್ಲ. 2024ರಲ್ಲಿ ಎಪ್ಪತ್ತು ದಾಟಿದವರಿಗೆಲ್ಲ ಬಂದ ಆ ಐದು ಲಕ್ಷದ ಆಯುಷ್ಮಾನ್ ಆರೋಗ್ಯ ಕಾರ್ಡು ಆಸ್ಪತ್ರೆಗೆ ದಾಖಲಾದರಷ್ಟೇ ಉಪಯೋಗಕ್ಕೆ ಬರುತ್ತದೆ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಗುಳಿಗೆ, ಡೈಪರಿಗೇ ಸಾಲದು. ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆಂದು ನಂಬಿ ಇವೆಲ್ಲ ಆಗಿವೆ. ಗುಳೆ ಹೋಗುವ ನಮ್ಮ ಸೀಮೆಯಲ್ಲಿ ಇದ್ದವರು ನೀವೊಬ್ಬರೇ, ನೀವು ಬಿಟ್ಟ ಕೂಲಿ ಯಾರ ಲೆಕ್ಕಕ್ಕೂ ಸಿಕ್ಕಿಲ್ಲ. ಇದು ಅನ್ಯಾಯ.

ಜಪಾನ್ 2000ದಲ್ಲಿ ಆರೈಕೆಗೆಂದೇ ವಿಮೆ ತಂದಿತು. ನಲವತ್ತು ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಬೇಕಾದವರ ಮನೆಗೆ ಸಹಾಯಕರು ಬರುತ್ತಾರೆ. ಅದು ಶ್ರೀಮಂತ ದೇಶ ಅನ್ನಬಹುದು. ಆದರೆ ಕೇರಳ ದೂರವಿಲ್ಲವಲ್ಲ! ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಗೆ 2008ರಲ್ಲೇ ನೀತಿ ಮಾಡಿತು, ಈಗ ಅಲ್ಲಿ ಪಂಚಾಯಿತಿಯ ನರ್ಸ್ ಮನೆಮನೆಗೆ ಹೋಗುತ್ತಾರೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ನಮ್ಮ ಪಂಚಾಯಿತಿಗಳು ‘ಕೂಸಿನ ಮನೆ’ ನಡೆಸುತ್ತಿವೆ. ಹಿರಿಯರಿಗೂ ಹಗಲು ಹೊತ್ತಿಗೆ ಅಂಥದ್ದೊಂದು ಜಾಗ, ನಿಮ್ಮ ಅತ್ತೆಯಂಥವರಿಗೆ ಮನೆಗೇ ಬರುವ, ಸಂಬಳ ಪಡೆಯುವ ಆರೈಕೆಯವರು ಬೇಕು. ಗ್ರಾಮಸಭೆಯಲ್ಲಿ ಕೇಳಿ. ನಿಮ್ಮಂಥ ಮನೆಗಳು ಊರಲ್ಲಿ ಎಷ್ಟಿವೆ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಆ ಮನೆಯವರನ್ನೂ ಕರೆದುಕೊಂಡು ಹೋಗಿ.

ಇವತ್ತು ಮಾತ್ರ ಮೊದಲು ಅತ್ತೆಯವರ ಟೊಂಕ, ಹಿಮ್ಮಡಿ ನೋಡಿ. ಕೆಂಪಾಗಿದ್ದರೆ ತಿಕ್ಕಬೇಡಿ, ಆ ಭಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ನರ್ಸಿಗೆ ತೋರಿಸಿ.