ಅಪ್ಪಾಜಿಯ ತೊಡೆಗೆ ಕರೆಂಟ್ ಕೊಡಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ 73 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಈಗ ಆಕ್ಸಾಲಿಪ್ಲಾಟಿನ್ ಸೇರಿದ ಕೀಮೊ ನಡೆಯುತ್ತಿದೆ. ದಿನಕ್ಕೆರಡು ಸಲ ತೆಂಗಿನ ತೋಟ ಸುತ್ತಿ ಬರುತ್ತಿದ್ದವರನ್ನು ಕುರ್ಚಿಯಿಂದ ಎಬ್ಬಿಸಲು ಈಗ ಇಬ್ಬರು ಬೇಕು. ತೊಡೆ ಸೊರಗಿ ಮಂಡಿಯೇ ದಪ್ಪ ಕಾಣುತ್ತದೆ. ಬೆಂಗಳೂರಿನ ಭಾವ ಕರೆಂಟ್ ಕೊಡುವ ಸಣ್ಣ ಮಶೀನನ್ನು ಆನ್‌ಲೈನಿನಲ್ಲಿ ತರಿಸಿಕೊಟ್ಟರು. "ಕರೆಂಟ್ ಹರಿದರೆ ಕಾಯಿಲೆಯೂ ಹರಡುತ್ತೆ" ಎಂದು ಅಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಅಮ್ಮ ಬೀಗ ಹಾಕಿದ್ದು ಸದ್ಯಕ್ಕೆ ಒಳ್ಳೆಯದೇ ಆಯಿತು, ಕಾರಣ ಮಾತ್ರ ಬೇರೆ. ತೊಡೆಗೆ ಎರಡು ಪ್ಯಾಡ್ ಅಂಟಿಸಿದರೆ ಕರೆಂಟ್ ಬಹುಪಾಲು ಅವೆರಡರ ನಡುವಿನ ಚರ್ಮ, ಸ್ನಾಯುವಿನಲ್ಲೇ ಓಡಾಡುತ್ತದೆ. ಹೊಟ್ಟೆಯ ಕಾಯಿಲೆಯನ್ನು ಹೊತ್ತು ತಿರುಗುವುದಿಲ್ಲ. ಆದರೆ ಗಡ್ಡೆಯ ಜಾಗದ ಮೇಲೆ ಪ್ಯಾಡ್ ಇಡಬಾರದೆಂಬುದು ನಮ್ಮ ಫಿಸಿಯೋಥೆರಪಿಯ ನಿಯಮ. ಹಾಗಾಗಿ ಹೊಟ್ಟೆ, ಸೊಂಟದ ಕಡೆ ಬೇಡ. ತೊಡೆಯ ಮೂಳೆಗೆ ಕಾಯಿಲೆ ಇಳಿದಿಲ್ಲ ಎಂಬುದನ್ನು ಸ್ಕ್ಯಾನ್ ನೋಡಿದ ಡಾಕ್ಟರ ಬಾಯಿಂದಲೇ ಕೇಳಿಕೊಳ್ಳಿ. ಪೇಸ್‌ಮೇಕರ್ ಇದ್ದರೆ ಮಶೀನ್ ಬೇಡವೇ ಬೇಡ. ಪ್ಲೇಟ್‌ಲೆಟ್ ಇಳಿದ ವಾರದಲ್ಲಿ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೊರಡಿ. ಕ್ಯಾನ್ಸರ್ ಇದ್ದವರಲ್ಲಿ ಈ ತೊಂದರೆ ಹೆಚ್ಚು.

ನನಗೆ ಚಿಂತೆ ಆಕ್ಸಾಲಿಪ್ಲಾಟಿನ್‌ದು. ಅದು ಕೈಕಾಲು ಬೆರಳುಗಳಿಗೆ ಜೋಮು ಹಿಡಿಸುತ್ತದೆ. ತಣ್ಣೀರು ಮುಟ್ಟಿದರೂ ಜುಮ್ಮೆನ್ನುತ್ತದೆ. ಸ್ಪರ್ಶ ಗೊತ್ತಾಗದ ಕಡೆ ಕರೆಂಟ್ ಹೆಚ್ಚಾದದ್ದೂ ಗೊತ್ತಾಗುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಜ್ಜಿಯೊಬ್ಬರು "ಏನೂ ಗೊತ್ತಾಗ್ತಿಲ್ಲ ಕಣವ್ವ, ಇನ್ನೊಸಿ ಏರ್ಸು" ಎನ್ನುತ್ತಾ ಹೋದರು, ನಾನು ಏರಿಸುತ್ತಾ ಹೋದೆ. ಪ್ಯಾಡ್ ಕಿತ್ತಾಗ ಅಡಿಯಲ್ಲಿ ಎರಡು ಬೊಬ್ಬೆ. ಅಜ್ಜಿ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಂದಿನಿಂದ ಮೊದಲು ಹತ್ತಿ, ಆಮೇಲೆ ಮಶೀನ್. ಅಪ್ಪಾಜಿಯವರ ಕಣ್ಣು ಮುಚ್ಚಿಸಿ, ತೊಡೆಗೆ ಒಮ್ಮೆ ಹತ್ತಿ, ಒಮ್ಮೆ ಬೆಂಕಿಕಡ್ಡಿಯ ತುದಿ ತಾಗಿಸಿ, ಯಾವುದೆಂದು ಕೇಳಿ. ತಪ್ಪು ಹೇಳಿದರೆ ಬೀರುವಿನ ಬೀಗ ಹಾಗೇ ಇರಲಿ.

ಇನ್ನು ಡಬ್ಬಿ ನೋಡಿ. 'ಟೆನ್ಸ್' ಎಂದಷ್ಟೇ ಬರೆದಿದ್ದರೆ ಅದು ನೋವಿನ ಮಶೀನ್, ಚುರುಚುರು ಎನ್ನುತ್ತದೆ ಅಷ್ಟೆ. ಸ್ನಾಯು ಬಿಗಿಯಾಗಿಸುವುದು 'ಇಎಂಎಸ್' ಅಥವಾ 'ಎನ್‌ಎಂಇಎಸ್'. ಕೆಲವು ಮಶೀನ್‌ಗಳಲ್ಲಿ ಎರಡೂ ಇರುತ್ತವೆ. ಒಂದು ಪ್ಯಾಡ್ ತೊಡೆಯ ಮುಂಭಾಗದಲ್ಲಿ ಮೇಲ್ಗಡೆ, ಇನ್ನೊಂದು ಮಂಡಿಗಿಂತ ನಾಲ್ಕು ಬೆರಳು ಮೇಲೆ, ತುಸು ಒಳಬದಿಗೆ. ತೊಡೆ ಗಟ್ಟಿಯಾಗುವುದು ಕಣ್ಣಿಗೆ ಕಾಣಬೇಕು, ನೋಯಬಾರದು. ಸಾಮಾನ್ಯವಾಗಿ 10 ಸೆಕೆಂಡ್ ಬಿಗಿತ, 30 ಸೆಕೆಂಡ್ ಬಿಡುವು. ಮೊದಲ ವಾರ 10 ನಿಮಿಷ ಸಾಕು, ನಿಧಾನಕ್ಕೆ 30ಕ್ಕೆ ಏರಿಸಿ. ಬಿಗಿಯುವಾಗ ಅವರೂ ಜೊತೆಗೆ ಬಿಗಿಹಿಡಿಯಲಿ, ಟಿವಿ ನೋಡುತ್ತಾ ಸುಮ್ಮನೆ ಕೂರುವುದಲ್ಲ. ಮೊದಲ ಸಲ ಹತ್ತಿರದ ಫಿಸಿಯೋಥೆರಪಿಸ್ಟ್ ಎದುರಲ್ಲೇ ಆಗಲಿ. ನಿಮ್ಮದು ತೆಂಗಿನ ಸೀಮೆಯಾದ್ದರಿಂದ ಇನ್ನೊಂದು ಮಾತು: ಕೊಬ್ಬರಿ ಎಣ್ಣೆ ಸವರಿದ ತೊಡೆಗೆ ಪ್ಯಾಡ್ ಕೂರುವುದಿಲ್ಲ. ಅಂಚು ಎದ್ದರೆ ಅಂಟಿದಷ್ಟು ಜಾಗದಲ್ಲೇ ಕರೆಂಟ್ ಒತ್ತಿ ಚುಚ್ಚುತ್ತದೆ. ಸೋಪು ಹಾಕಿ ತೊಳೆದು, ಒರೆಸಿ ಅಂಟಿಸಿ. ಕೀಳುವ ಮುನ್ನ ಮಶೀನ್ ಆಫ್.

ಬಲ ಬರುತ್ತದೆಯೇ? ಭರವಸೆ ಕೊಡಲಾರೆ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಕೀಮೊ ಪಡೆಯುತ್ತಿದ್ದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ 30 ಮಂದಿಗೆ ತೊಡೆಗೆ ಹೀಗೆ ಕೊಡಲು ಹೇಳಿದ್ದರು. ಅವರಲ್ಲಿ ಲೆಕ್ಕಕ್ಕೆ ಸಿಕ್ಕ 18 ಜನರಲ್ಲಿ ಹೇಳಿದಂತೆ ನಡೆಸಿದವರು 9 ಜನ. ಮಶೀನ್ ಇಲ್ಲದ ಗುಂಪಿಗೂ ಮಶೀನ್ ಪಡೆದ ಗುಂಪಿಗೂ ತೊಡೆಯ ಬಲದಲ್ಲಿ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ಕೀಮೊ ಸುಸ್ತಿನಲ್ಲಿ ದಿನಾ ಪ್ಯಾಡ್ ಅಂಟಿಸಿಕೊಳ್ಳುವುದೂ ಒಂದು ಕೆಲಸವೇ. ಆದ್ದರಿಂದ ಮಶೀನನ್ನು ನಾನು ನೋಡುವುದು ಊರುಗೋಲಿನಂತೆ: ತಾವಾಗಿ ಏಳಲಾರದ ದಿನಗಳಿಗೆ. ಎದ್ದು ಕೂರುವುದೇ ನಿಜವಾದ ವ್ಯಾಯಾಮ. ಕೈಯಿರುವ ಕುರ್ಚಿಗೆ ಎರಡು ದಿಂಬು ಹಾಕಿ ಎತ್ತರಿಸಿ, ಗೋಡೆಗೆ ಆನಿಸಿ, ನೀವು ಪಕ್ಕದಲ್ಲಿ ನಿಂತು ಎಬ್ಬಿಸಿ, ಕೂರಿಸಿ. ಮೂರು ಸಲವಾದರೂ ಸರಿ. ಸುಲಭವಾದಾಗ ಒಂದು ದಿಂಬು ತೆಗೆಯಿರಿ. ಮೂತ್ರಪಿಂಡ ಸರಿಯಿದ್ದರೆ ಡಾಕ್ಟರನ್ನು ಕೇಳಿ ಮೊಟ್ಟೆ, ಹೆಸರುಕಾಳು, ಮೊಸರು ಹೆಚ್ಚಿಸಿ. ಬರೀ ಗಂಜಿಯಲ್ಲಿ ತೊಡೆ ತುಂಬದು.

ತೋಟದ ಯಜಮಾನರು ಕಾಯಿ ಲೆಕ್ಕದ ಪುಸ್ತಕ ಇಟ್ಟೇ ಇರುತ್ತಾರೆ. ಅದರ ಕೊನೆಯ ಹಾಳೆಯಲ್ಲಿ, ಇಂದು ಎಷ್ಟು ಸಲ ಎದ್ದೆ, ಎಷ್ಟು ದಿಂಬು ಎಂದು ಅವರ ಕೈಯಲ್ಲೇ ಬರೆಸಿ. ಆರು ವಾರ ಕಳೆದರೂ ಲೆಕ್ಕ ಮೇಲೇರದಿದ್ದರೆ ಮಶೀನನ್ನು ಭಾವನವರಿಗೆ ವಾಪಸ್ ಕಳಿಸಿ. ಕುರ್ಚಿ, ದಿಂಬು ಮಾತ್ರ ಅಲ್ಲೇ ಇರಲಿ.